ಕಪ್ಪು ಅಂಚಿನ ಬಿಳಿ ಪುಟ

ಒಂದು ಊರನ್ನು ದೋಚಬೇಕಾದರೆ ಈಗ ಕತ್ತಿ ಬೇಕಿಲ್ಲ, ಕುದುರೆ ಬೇಕಿಲ್ಲ. ಹದಿನೇಳು ಗುಂಡಿಗಳಿರುವ ಒಂದು ಜಾಲತಾಣ ಸಾಕು. ನಮ್ಮ ಬ್ಲಾತೊವೊ ಪುರಸಭೆಯ ಜಾಲತಾಣ ಅಂಥದ್ದು. ತೆರೆದ ಕೂಡಲೇ ಮೇಯರ್ ನಗುತ್ತಾರೆ, ಪಕ್ಕದಲ್ಲಿ ಬಾವುಟ ಹಾರುತ್ತದೆ, ಮೇಲಿನಿಂದ ಗುಲಾಬಿ ದಳಗಳು ಉದುರುತ್ತವೆ, ಮೂಲೆಯಲ್ಲಿ ಡ್ಯಾನ್ಯೂಬ್ ನದಿಯ ನೀರಿನ ಮಟ್ಟ, ಅದೂ ಹೋದ ವರ್ಷದ್ದು, ಮಿನುಗುತ್ತದೆ. ಇಷ್ಟರ ನಡುವೆ ಯಾರಿಗಾದರೂ ಬೇಕಾದದ್ದು ಸಿಕ್ಕಿದರೆ ಅದು ಪುರಸಭೆಯ ತಪ್ಪಲ್ಲ.

ಪಾಂತೇಲಿ ದ್ರಂಗೊವ್‌ಗೆ ಬೇಡದ್ದು ಸಿಕ್ಕಿತು. ಅವನು ಹುಡುಕುತ್ತಿದ್ದದ್ದು ಕಸದ ಲಾರಿ ಬರುವ ದಿನವನ್ನು. ‘ಸಂಸ್ಕೃತಿ’ಯನ್ನು ಒತ್ತಿದ. ಅದರೊಳಗೆ ‘ಕ್ರೀಡೆ’. ಅದರೊಳಗೆ ‘ಇತರೆ’. ಅದರೊಳಗೆ ‘ಹಳೆಯ ಇತರೆ’. ಒಂಬತ್ತನೆಯ ಸಲ ಒತ್ತಿದಾಗ, ಉದುರುತ್ತಿದ್ದ ಒಂದು ಗುಲಾಬಿ ದಳದ ಹಿಂದೆ, ಇರುವೆ ಗಾತ್ರದ ಅಕ್ಷರಗಳಲ್ಲಿ ಒಂದು ಪ್ರಕಟಣೆ ಕಂಡಿತು. ಊರಿನ ಓದುಮನೆ ಈ ವರ್ಷ ನಿಯಮಬದ್ಧವಾದ ಸದಸ್ಯರ ಸಭೆ ನಡೆಸಿಲ್ಲ. ಇದೇ ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ನಡೆಸದಿದ್ದರೆ ಅದನ್ನು ನಿಷ್ಕ್ರಿಯವೆಂದು ಸಾರಿ, ಕಟ್ಟಡವನ್ನು ‘ಮನರಂಜನೆಯ ಉದ್ದೇಶಕ್ಕೆ’ ವಹಿಸಿಕೊಡಲಾಗುವುದು. ಸಹಿ: ಉಪಮೇಯರ್ ತಿಹೋಲೊವ್.

ಮನರಂಜನೆ ಎಂದರೆ ಜೂಜಿನ ಅಡ್ಡೆ. ನಮ್ಮ ಊರಿನಲ್ಲಿ ಆಗಲೇ ನಾಲ್ಕಿವೆ. ಬ್ರೆಡ್ಡಿನ ಅಂಗಡಿ ಎರಡು. ಓದುಮನೆ ಒಂದೇ. ಕೆಳಗೆ ಪುಸ್ತಕಗಳು, ಮೇಲೆ ನಾಟಕದ ಸಭಾಂಗಣ. ನಮ್ಮ ಅಜ್ಜಂದಿರು ಗಾಡಿಯಲ್ಲಿ ಕಲ್ಲು ಹೇರಿ ತಂದು ಕಟ್ಟಿದ ಮನೆ. ಯಾವ ಸರ್ಕಾರವೂ ಅದಕ್ಕೆ ಒಂದು ಇಟ್ಟಿಗೆ ಕೊಟ್ಟಿರಲಿಲ್ಲ. ಆದ್ದರಿಂದಲೇ ಎಲ್ಲ ಸರ್ಕಾರಗಳಿಗೂ ಅದರ ಮೇಲೆ ಕಣ್ಣು.

ಪಾಂತೇಲಿ ಆ ಓದುಮನೆಯ ಅಧ್ಯಕ್ಷ. ಹೇಗಾದ ಎಂದರೆ, ನಾಲ್ಕು ವರ್ಷದ ಹಿಂದೆ ಅಧ್ಯಕ್ಷರನ್ನು ಆರಿಸುವ ಹೊತ್ತಿನಲ್ಲಿ ಅವನು ಶೌಚಾಲಯಕ್ಕೆ ಹೋಗಿದ್ದ. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ಬರೆದು ನಿವೃತ್ತನಾದ ಮನುಷ್ಯ. ಬಸ್ಸು ಯಾವಾಗ ಹೊರಡುತ್ತದೆ ಎಂದು ಬರೆಯುತ್ತಿದ್ದನೇ ಹೊರತು ಹೊರಟದ್ದನ್ನು ನೋಡಲು ತಲೆಯೆತ್ತಿದವನಲ್ಲ.

ಈಗ ತಲೆಯೆತ್ತಿದ. ಓದುಮನೆಗೆ ನೂರೈವತ್ತು ಸದಸ್ಯರು. ಸಭೆ ಊರ್ಜಿತವಾಗಬೇಕಾದರೆ ಎಪ್ಪತ್ತಾರು ಮಂದಿ ಬರಬೇಕು, ಅಷ್ಟೂ ಮಂದಿ ಒಂದು ನಿರ್ಣಯಕ್ಕೆ ಕೈ ಎತ್ತಬೇಕು. ಹಿಂದಿನ ಸಭೆಗೆ ಬಂದಿದ್ದವರು ಹನ್ನೊಂದು ಮಂದಿ; ಅದರಲ್ಲಿ ಮೂವರು ಮನೆಯಲ್ಲಿ ಸೌದೆ ಮುಗಿದಿತ್ತೆಂದು ಚಳಿ ಕಾಯಿಸಿಕೊಳ್ಳಲು ಬಂದವರು. ಇಪ್ಪತ್ತನೇ ತಾರೀಖು ಶನಿವಾರ. ಉಳಿದದ್ದು ಹನ್ನೆರಡು ದಿನ.

‘ಜನರನ್ನು ಕರೆಯಬೇಕು. ನಮಗೂ ವೆಬ್‌ಸೈಟ್ ಇದೆಯಲ್ಲ’ ಎಂದ ಪಾಂತೇಲಿ.

ಇತ್ತು. ಅದನ್ನು ತೆರೆದರೆ ಮೊದಲು ಕುಣಿತದ ಸಂಗೀತ ಕಿವಿಗೆ ಹೊಡೆಯುತ್ತಿತ್ತು, ಆಮೇಲೆ ಕೊಕ್ಕರೆಗಳ ಹಿಂಡು ಪರದೆಯನ್ನು ದಾಟುತ್ತಿತ್ತು, ಕೊನೆಯ ಕೊಕ್ಕರೆ ದಾಟುವ ಮೊದಲೇ ಕಂಪ್ಯೂಟರ್ ನಿಂತುಹೋಗುತ್ತಿತ್ತು. ಗ್ರಂಥಪಾಲಕಿ ರಾಯ್ನಾ, ಆ ಕಟ್ಟಡದ ಏಕೈಕ ನೌಕರಳು, ಹೇಳಿದಳು: ‘ಅಧ್ಯಕ್ಷರೇ, ಜಿಲ್ಲಾ ಪಟ್ಟಣದಲ್ಲಿ ಎರಡು ದಿನದ ತರಬೇತಿ ಇದೆ. ಹೋಗಿಬನ್ನಿ. ಈ ಕೊಕ್ಕರೆಗಳನ್ನ ಹೊಡೆಯೋರು ಯಾರಾದ್ರೂ ಬೇಕು.’

ಪಾಂತೇಲಿ ಹೋದ. ಬರುವಾಗ ಬೇರೆ ಮನುಷ್ಯನಾಗಿ ಬಂದ.

ಅಲ್ಲಿ ಬೋಳು ಗೋಡೆಯ ಕೋಣೆಯಲ್ಲಿ ಬೂದುಬಣ್ಣದ ಅಂಗಿ ತೊಟ್ಟ ಒಬ್ಬ ಹೆಂಗಸು ಪಾಠ ಹೇಳಿದ್ದಳಂತೆ. ಒಂದು ಬಿಳಿಯ ಪುಟ ತೋರಿಸಿದಳು. ನಡುವೆ ಒಂದೇ ಸಾಲು. ‘ಇಲ್ಲಿ ಕಣ್ಣಿಗೆ ಓಡೋಕೆ ಜಾಗವಿಲ್ಲ. ನೀವು ಹೇಳಬೇಕಾದದ್ದನ್ನ ಅದು ಓದಲೇಬೇಕು. ಯಾವುದನ್ನ ತೆಗೆದರೂ ನಡೆಯುತ್ತೋ ಅದನ್ನ ತೆಗೆಯಿರಿ’ ಎಂದಳು. ಪಾಂತೇಲಿಗೆ ಕಣ್ಣಲ್ಲಿ ನೀರು ಬಂತಂತೆ. ಮೂವತ್ತು ವರ್ಷ ತಾನು ಬರೆದದ್ದು ಅದನ್ನೇ ಅಲ್ಲವೇ? ಊರು, ಗಂಟೆ, ನಿಮಿಷ. ಅದರಲ್ಲಿ ಯಾರ ನಗುವೂ ಇರಲಿಲ್ಲ, ಯಾವ ಗುಲಾಬಿಯೂ ಇರಲಿಲ್ಲ, ಆದರೂ ಒಬ್ಬನೂ ದಾರಿ ತಪ್ಪಿರಲಿಲ್ಲ.

ಮನೆಗೆ ಬಂದವನೇ ತೆಗೆಯಲು ಶುರುಮಾಡಿದ. ಟೀವಿಯ ಮೇಲಿದ್ದ ಕಸೂತಿ ಬಟ್ಟೆ ಹೋಯಿತು. ಗೋಡೆಯ ಮೇಲಿನ ಮೂರು ತಟ್ಟೆ, ಒಂದು ಹರಿಣದ ಚಿತ್ರ ಹೋದವು. ಹೆಂಡತಿ ಸೆವ್ದಾ ಊಟಕ್ಕೆ ಬಡಿಸಿದಾಗ ತಟ್ಟೆಯಲ್ಲಿದ್ದ ಉಪ್ಪಿನಕಾಯಿ ಮೆಣಸಿನಕಾಯನ್ನು ಪಕ್ಕಕ್ಕಿಟ್ಟು, ‘ಇದು ಗದ್ದಲ’ ಎಂದ.

‘ಏನಂದೆ?’

‘ಕಣ್ಣಿಗೆ ಗದ್ದಲ, ಸೆವ್ದಾ. ಆಲೂಗಡ್ಡೆ ಒಂದೇ ಇದ್ದಿದ್ರೆ ತಟ್ಟೆ ಉಸಿರಾಡ್ತಿತ್ತು.’

‘ತಟ್ಟೆ ಉಸಿರಾಡೋದು ಆಮೇಲೆ. ಅಮ್ಮನ ಕುರ್ಚಿ ಎಲ್ಲಿ?’

ಸೆವ್ದಾಳ ತಾಯಿ ಕೂನಾ ಅಜ್ಜಿ, ಎಂಬತ್ತೊಂಬತ್ತು ವರ್ಷ, ಬಾಗಿಲಲ್ಲಿ ಕೋಲು ಊರಿ ನಿಂತಿದ್ದಳು. ‘ಮುಂದೆ ನನ್ನನ್ನೇ ತೆಗೀತಾನೆ ನೋಡು ಇವನು’ ಎಂದಳು.

ಕುರ್ಚಿ ವಾಪಸು ಬಂತು. ಆದರೆ ಫೋನಿನ ಮೇಲೆ ಯಾರ ಹಿಡಿತವೂ ಇರಲಿಲ್ಲ. ಅದರಲ್ಲಿ ಏನೇನಿತ್ತೋ ಎಲ್ಲವನ್ನೂ ಅಳಿಸಿ, ಕೊನೆಗೆ ಗಂಟೆಯ ಸದ್ದನ್ನೂ ಆರಿಸಿಬಿಟ್ಟ.

ಓದುಮನೆಯ ಹೊಸ ಪುಟ ಮಂಗಳವಾರ ಸಿದ್ಧವಾಯಿತು. ಮೊದಲು ಅವನು ಬರೆದದ್ದು ಮೂರು ಪುಟ. ತಿಹೋಲೊವ್‌ನ ಪ್ರಕಟಣೆ ಎಲ್ಲಿ ಅಡಗಿತ್ತು, ಗುಲಾಬಿ ದಳದ ಕೆಳಗೆ ಎಂಥ ಕಳ್ಳತನ ನಡೆದಿದೆ, ಎಲ್ಲವೂ ಅದರಲ್ಲಿತ್ತು. ಆಮೇಲೆ ತೆಗೆಯುತ್ತಾ ಬಂದ. ‘ನೂರ ಹತ್ತು ವರ್ಷದಿಂದ ನಮ್ಮ ಓದುಮನೆ ಊರಿಗೆ ಬೆಳಕು ಕೊಡುತ್ತಿದೆ’ ಎಂಬುದು ‘ಊರಿಗೆ ಬೆಳಕು’ ಎಂದಾಯಿತು. ‘ಇದನ್ನು ಕಳೆದುಕೊಂಡರೆ ನಮಗೆ ಮತ್ತೆ ಸಿಗದು’ ಎಂಬುದು ‘ಮತ್ತೆ ಸಿಗದು’ ಎಂದಾಯಿತು. ತಿಹೋಲೊವ್‌ನ ಹೆಸರು ಪುಟವನ್ನು ಕೊಳಕು ಮಾಡುತ್ತದೆಂದು ಅದೂ ಹೋಯಿತು. ಮೇಲೆ ಒಂದು ಮನುಷ್ಯನ ಮುಖ ಇದ್ದರೆ ನಂಬಿಕೆ ಹುಟ್ಟುತ್ತದೆ ಎಂದು ತರಬೇತಿಯ ಹೆಂಗಸು ಹೇಳಿದ್ದಳಂತೆ, ಅದಕ್ಕೆ ತನ್ನ ಪಿಂಚಣಿ ಕಾರ್ಡಿನ ಕಪ್ಪುಬಿಳುಪು ಚಿತ್ರ ಹಾಕಿದ. ಬಿಳಿ ಪುಟ ಚೆಲ್ಲಿಹೋಗದಂತೆ ಸುತ್ತ ತೆಳುವಾದ ಕಪ್ಪು ಗೆರೆ ಎಳೆದ. ಕೊನೆಗೆ ಉಳಿದದ್ದು ಇಷ್ಟು:

*ಪಾಂತೇಲಿ ದ್ರಂಗೊವ್*
*ಊರಿಗೆ ಬೆಳಕು. ಮತ್ತೆ ಸಿಗದು.*
*ಶನಿವಾರ, ಮಧ್ಯಾಹ್ನ ಎರಡು ಗಂಟೆ, ಓದುಮನೆ.*

ಒತ್ತಿದ ಕೂಡಲೇ ತೆರೆಯಿತು. ಕೊಕ್ಕರೆ ಇಲ್ಲ, ಕುಣಿತ ಇಲ್ಲ. ರಾಯ್ನಾ ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ‘ಅಧ್ಯಕ್ಷರೇ, ಚೆಂದ ಇದೆ. ಎಲ್ಲೋ ನೋಡಿದ ಹಾಗಿದೆ’ ಎಂದಳು.

‘ಒಳ್ಳೇ ವಿನ್ಯಾಸ ಅಂದ್ರೆ ಹಾಗೇ, ರಾಯ್ನಾ. ಯಾವಾಗ್ಲೂ ಇತ್ತು ಅನ್ನಿಸಬೇಕು.’

ಬುಧವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅವನು ಮತ್ತೆ ಜಿಲ್ಲಾ ಪಟ್ಟಣಕ್ಕೆ ಹೊರಟ. ಸದಸ್ಯರ ಪಟ್ಟಿಗೆ ನ್ಯಾಯಾಲಯದ ಮೊಹರು ಬೇಕೆಂದು ಪುರಸಭೆ ಹೊಸದಾಗಿ ಕೊಕ್ಕೆ ಹಾಕಿತ್ತು. ಆ ಮೊಹರು ಒತ್ತುವವರು ಶುಕ್ರವಾರ ಸಿಗುತ್ತಾರೋ ಗುರುವಾರ ಸಿಗುತ್ತಾರೋ ದೇವರಿಗೇ ಗೊತ್ತು. ಅಲ್ಲಿರುವ ತನ್ನ ತಂಗಿಯ ಮನೆಯಲ್ಲಿ ಉಳಿಯುವುದೆಂದು ಹೇಳಿಹೋದ.

ಅವನು ಹೋದ ಮೇಲೆ ರಾಯ್ನಾ ಯೋಚಿಸಿದಳು: ನೂರೈವತ್ತು ಸದಸ್ಯರಲ್ಲಿ ಜಾಲತಾಣ ನೋಡುವವರು ಇಪ್ಪತ್ತು ಮಂದಿ. ಉಳಿದವರಿಗೆ? ಪುಟವನ್ನು ನೂರು ಪ್ರತಿ ಮುದ್ರಿಸಿದಳು. ಅಂಟು ತೆಗೆದುಕೊಂಡು ಹೋಗಿ ದೀಪದ ಕಂಬಗಳಿಗೆ, ಬಸ್ ನಿಲ್ದಾಣಕ್ಕೆ, ಬ್ರೆಡ್ಡಿನ ಅಂಗಡಿಯ ಬಾಗಿಲಿಗೆ, ಕೊನೆಯದನ್ನು ಪಾಂತೇಲಿಯದೇ ಮನೆಯ ಗೇಟಿಗೆ ಅಂಟಿಸಿ ಬಂದಳು.

ಇಡೀ ಬಲ್ಗೇರಿಯಾದಲ್ಲಿ ದೀಪದ ಕಂಬಕ್ಕೆ ಅಂಟಿಸುವ, ಕಪ್ಪು ಅಂಚಿನ, ಮೇಲೆ ಚಿತ್ರ, ಕೆಳಗೆ ಮೂರು ಸಾಲಿರುವ ಬಿಳಿ ಹಾಳೆ ಒಂದೇ ಒಂದು. ಸತ್ತವರ ಹಾಳೆ. ನಾವು ಅದನ್ನು ಓದುತ್ತಲೇ ಬೆಳೆದವರು. ಬಸ್ಸು ಕಾಯುವಾಗ ಓದಲು ನಮಗೆ ಬೇರೇನೂ ಇರುವುದಿಲ್ಲ. ರಾಯ್ನಾ ‘ಎಲ್ಲೋ ನೋಡಿದ ಹಾಗಿದೆ’ ಎಂದದ್ದು ಸುಳ್ಳಲ್ಲ. ದಿನಾ ಮನೆಗೆ ಹೋಗುವ ದಾರಿಯಲ್ಲಿ ಅಂಥ ನಲವತ್ತನ್ನು ನೋಡುತ್ತಿದ್ದಳು.

ಮೊದಲು ಬಂದವನು ಎದುರುಮನೆಯ ಮಾಂಸದಂಗಡಿಯ ಮಿಂಚೊ. ಕಪ್ಪು ಕೋಟು, ಕೈಯಲ್ಲಿ ಎರಡು ಕಾರ್ನೇಷನ್ ಹೂವು. ಸೆವ್ದಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು, ಗೇಟಿನ ಆಚೆಬದಿ ಅವಳಿಗೆ ಕಾಣುತ್ತಿರಲಿಲ್ಲ.

‘ಹೋಗಿಬಿಟ್ನಲ್ಲ ತಾಯಿ’ ಎಂದ ಮಿಂಚೊ.

‘ಹೂಂ ಮಿಂಚೊ ಅಣ್ಣ. ಬೆಳಿಗ್ಗೆ ಆರೂವರೆಗೆ.’

‘ಆರೂವರೆಗೆ! ಕಷ್ಟ ಪಟ್ನಾ?’

‘ಏನ್ ಕಷ್ಟ? ಕೂತ್ಕೊಂಡೇ ಹೋದ. ಕಿಟಕಿ ಪಕ್ಕ.’

ಮಿಂಚೊ ಶಿಲುಬೆಯ ಗುರುತು ಮಾಡಿಕೊಂಡ. ‘ಕೂತಲ್ಲೇ! ಪುಣ್ಯವಂತ. ಕೊನೇಲಿ ಏನಾದ್ರೂ ಹೇಳಿದ್ನಾ?’

‘ತಿಂಡಿ ಕಟ್ಕೊಡು ಅಂದ. ಬನಿತ್ಸಾ ಕಟ್ಟಿ ಕೊಟ್ಟೆ.’

‘ಜೊತೇಲಿ ಇಟ್ಯಾ?’

‘ಮತ್ತಿನ್ನೇನು, ಅಲ್ಲಿ ಯಾರು ಕೊಡ್ತಾರೆ ಅವನಿಗೆ? ಅಲ್ಲೆಲ್ಲ ಸಾಲಲ್ಲಿ ನಿಲ್ಲಿಸ್ತಾರಂತೆ. ಸರದಿ ಬರೋವರೆಗೂ ಒಬ್ಬರೂ ಮಾತಾಡ್ಸಲ್ವಂತೆ.’

‘ಹಾಗೇ ಇರುತ್ತೆ, ಹಾಗೇ ಇರುತ್ತೆ’ ಎಂದು ಮಿಂಚೊ ಕಣ್ಣೊರೆಸಿಕೊಂಡ. ‘ನೀನು ಗಟ್ಟಿಯಾಗಿರು, ತಾಯಿ.’

‘ನನಗೇನಾಗಿದೆ? ಶುಕ್ರವಾರ ವಾಪಸ್ ಬರ್ತಾನೆ.’

ಮಿಂಚೊ ಮೆಲ್ಲಗೆ ಹಿಂದೆ ಸರಿದ. ಹೂಗಳನ್ನು ಬಟ್ಟೆಯ ಬುಟ್ಟಿಯಲ್ಲಿಟ್ಟು, ಗೇಟು ದಾಟಿ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ: ಪಾಂತೇಲಿ ಹೋದ, ಸೆವ್ದಾಳಿಗೆ ಬುದ್ಧಿ ಹೋಗಿದೆ, ಹೆಣದ ಜೊತೆ ಬನಿತ್ಸಾ ಕಟ್ಟಿಟ್ಟಿದ್ದಾಳೆ, ಯಾರೂ ಎದುರು ಮಾತಾಡಬೇಡಿ.

ಯಾರೂ ಎದುರು ಮಾತಾಡಲಿಲ್ಲ. ಅದೇ ಅನಾಹುತವಾಯಿತು. ಸಂಜೆಗೆ ಸೆವ್ದಾ ಗೇಟಿನ ಹಾಳೆ ನೋಡಿದಳು, ಕಿರುಚಿದಳು, ಹರಿದಳು. ‘ಅವನು ಬದುಕಿದಾನೆ ಕಣ್ರೇ!’ ಎಂದು ಬಂದವರಿಗೆಲ್ಲ ಹೇಳಿದಳು. ‘ಹೌದು ಹೌದು, ನಮ್ಮೆಲ್ಲರ ಎದೇಲಿ’ ಎಂದು ಅವರು ಅವಳ ಬೆನ್ನು ಸವರಿದರು. ಗಂಡನಿಗೆ ಫೋನ್ ಮಾಡಿದಳು. ಅದು ಸರಳತೆಯಲ್ಲಿ ಮುಳುಗಿತ್ತು. ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟು ಹಾಕಿದ್ದು, ನೆರೆಹೊರೆಯಿಂದ ಬಟ್ಟಲು ಬಟ್ಟಲಾಗಿ ಬಂತು. ಕೂನಾ ಅಜ್ಜಿಗೆ ಅಳಿಯ ಬದುಕಿದ್ದಾನೆಂದು ಮೂರು ಸಲ ಹೇಳಿದ್ದಾಯಿತು. ‘ಗೊತ್ತು. ಆದ್ರೂ ಗೋಧಿ ಚೆನ್ನಾಗಿದೆ’ ಎಂದು ತಿನ್ನುತ್ತಿದ್ದಳು.

ಗುರುವಾರ ಮಧ್ಯಾಹ್ನ ಪುರಸಭೆಯ ಬಾಗಿಲಿಗೆ ಬೇರೊಂದು ಹಾಳೆ ಬಿತ್ತು. ತಿಹೋಲೊವ್ ಬುದ್ಧಿವಂತ. ‘ಓದುಮನೆಯ ಅಧ್ಯಕ್ಷರ ಅಕಾಲಿಕ ಅಗಲಿಕೆಯಿಂದ ಪುರಸಭೆ ದುಃಖಿಸುತ್ತದೆ. ಮೃತರು ಕರೆದಿದ್ದ ಸಭೆ ಊರ್ಜಿತವಲ್ಲ. ಸೋಮವಾರ ಕಟ್ಟಡವನ್ನು ವಶಕ್ಕೆ ಪಡೆಯಲಾಗುವುದು.’ ಇದಕ್ಕೆ ಮಾತ್ರ ಯಾವ ಗುಲಾಬಿ ದಳವೂ ಅಡ್ಡ ಇರಲಿಲ್ಲ. ಅಕ್ಷರ ಅಂಗೈ ಅಗಲ. ದೋಚುವವರಿಗೂ ಬೇಕೆಂದಾಗ ಸರಳತೆ ಬರುತ್ತದೆ.

ಶುಕ್ರವಾರ ಹನ್ನೊಂದಕ್ಕೆ ಪಾಂತೇಲಿ ಬಸ್ಸಿನಿಂದ ಇಳಿದ. ಕಂಕುಳಲ್ಲಿ ಮೊಹರಿನ ಪಟ್ಟಿ. ನಿಲ್ದಾಣದ ಕಂಬದ ಮೇಲೆ ತನ್ನ ಪುಟ ನೋಡಿ ಹಿಗ್ಗಿದ. ಪಕ್ಕದಲ್ಲೇ ಮೂವರು ನಿಜವಾಗಿ ಸತ್ತವರ ಹಾಳೆಗಳಿದ್ದವು. ‘ನೋಡು, ನಮ್ಮದು ಎಷ್ಟು ಸಲೀಸಾಗಿ ಹೊಂದಿಕೊಂಡಿದೆ’ ಎಂದುಕೊಂಡ. ಕಣ್ಣು ಅಷ್ಟಕ್ಕೇ ತೃಪ್ತಿಪಟ್ಟಿತು. ಹತ್ತಿರದ ದಾರಿಯೆಂದು ಖಾಲಿ ಸಂದಿಯಲ್ಲೇ ನೇರ ಪುರಸಭೆಗೆ ಹೋಗಿ, ಮೂರನೇ ಕಿಟಕಿಯ ಗಿಂಕಾಳ ಮುಂದೆ ಪಟ್ಟಿ ಇಟ್ಟ.

ಗಿಂಕಾ ಹೆಸರು ನೋಡಿದಳು. ಮುಖ ನೋಡಿದಳು. ಮತ್ತೆ ಹೆಸರು ನೋಡಿದಳು. ‘ಇದನ್ನ ತಗೊಳ್ಳೋಕೆ ಬರಲ್ಲ ರೀ. ಅರ್ಜಿದಾರರು ತೀರಿಕೊಂಡಿದಾರೆ.’

‘ಅರ್ಜಿದಾರ ನಾನು.’

‘ಅದೇ ಹೇಳಿದ್ದು.’

‘ನಾನು ಇಲ್ಲಿ ನಿಂತಿದೀನಲ್ಲಮ್ಮ!’

‘ನಿಂತಿರಬಹುದು. ನಂಗೇನೂ ಬೇಜಾರಿಲ್ಲ. ಆದ್ರೆ ಕಂಬದ ಮೇಲೆ ಬಂದಿದೆ. ಬಾಗಿಲ ಮೇಲೆ ಉಪಮೇಯರ್ ಸಹಿ ಇದೆ. ಬದುಕಿದೀರಿ ಅನ್ನೋದಕ್ಕೆ ಪ್ರಮಾಣಪತ್ರ ತನ್ನಿ.’

‘ಎಲ್ಲಿ ಕೊಡ್ತಾರೆ?’

‘ನಾಲ್ಕನೇ ಕಿಟಕಿ.’

ನಾಲ್ಕನೇ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಗಿಂಕಾ ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಅಲ್ಲಿಗೇ ಬಂದಳು. ‘ಹೇಳಿ. ಪ್ರಮಾಣಪತ್ರ ಮಂಗಳವಾರ.’

‘ಸಭೆ ನಾಳೆ!’

‘ಸತ್ತೋರಿಗೆ ಯಾಕ್ರೀ ಇಷ್ಟು ಅವಸರ?’

ಪಾಂತೇಲಿಗೆ ಆಗ ಕಂಬವೂ, ಕಪ್ಪು ಗೆರೆಯೂ, ಪಿಂಚಣಿ ಕಾರ್ಡಿನ ಮುಖವೂ ಒಟ್ಟಿಗೆ ಹೊಳೆದವು. ಕಿಟಕಿಯ ಕಟ್ಟೆ ಹಿಡಿದುಕೊಂಡ. ಗದ್ದಲ ಕೇಳಿ ತಿಹೋಲೊವ್ ಹೊರಬಂದ. ಕುಳ್ಳಗೆ, ದುಂಡಗೆ, ಶೋಕಕ್ಕೆಂದು ಕಟ್ಟಿದ ಕಪ್ಪು ಟೈ. ಬದುಕಿದ ಪಾಂತೇಲಿಯನ್ನು ನೋಡಿ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಷ್ಟರಲ್ಲಿ ಕಿಟಕಿಯಾಚೆ ಕಣ್ಣು ಹೋಯಿತು. ಚೌಕದ ಹೂವಿನಂಗಡಿಯ ಮುಂದೆ ಸಾಲು. ಒಬ್ಬೊಬ್ಬರ ಕೈಯಲ್ಲೂ ಎರಡು, ನಾಲ್ಕು, ಆರು: ಸತ್ತವರಿಗೆ ಕೊಡುವ ಸಮಸಂಖ್ಯೆ. ಎಲ್ಲರ ಬಾಯಲ್ಲೂ ಒಂದೇ ಮಾತು: ನಾಳೆ ಎರಡು ಗಂಟೆ, ಓದುಮನೆ.

ತಿಹೋಲೊವ್ ಮನಸ್ಸಿನಲ್ಲಿ ತಲೆಗಳನ್ನು ಎಣಿಸಿದ. ಸಭೆಗೆ ಬಾರದ ಊರು ಹೆಣ ನೋಡಲು ಬರುತ್ತದೆ. ಬಂದವರಲ್ಲಿ ಎಪ್ಪತ್ತಾರು ಸದಸ್ಯರಿದ್ದು, ಈ ಮನುಷ್ಯ ಎದ್ದು ನಿಂತರೆ?

‘ಅಯ್ಯೋ ದ್ರಂಗೊವ್!’ ಎಂದು ತಬ್ಬಿಕೊಂಡ. ‘ಬದುಕಿದೀರಾ! ಎಂಥ ಸಂತೋಷ! ಊರಿಗೆಲ್ಲ ಈಗ್ಲೇ ಸಾರಿಸ್ತೀನಿ!’

‘ತುಂಬ ಉಪಕಾರ ಸಾಹೇಬ್ರೇ’ ಎಂದ ನಮ್ಮ ಪಾಂತೇಲಿ.

ಹತ್ತು ನಿಮಿಷದಲ್ಲಿ ಪುರಸಭೆಯ ಕಾರು ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಹೊರಟಿತು. ‘ನಾಗರಿಕರೇ! ಪಾಂತೇಲಿ ದ್ರಂಗೊವ್ ಬದುಕಿದ್ದಾರೆ! ನಾಳೆ ಓದುಮನೆಯಲ್ಲಿ ಯಾವ ಕಾರ್ಯಕ್ರಮವೂ ಇಲ್ಲ! ಯಾರೂ ಬರಬೇಡಿ!’

ನಾನು ಬ್ರೆಡ್ಡಿನ ಸಾಲಿನಲ್ಲಿದ್ದೆ. ಎಲ್ಲರೂ ಕಾರಿನ ಕಡೆ ಕತ್ತು ಚಾಚಿದರು. ಆಮೇಲೆ ಮಿಂಚೊ ಹೇಳಿದ: ‘ಪುರಸಭೆ ಹೇಳ್ತಾ, ಬದುಕಿದಾನೆ ಅಂತ?’

‘ಹೂಂ.’

‘ಹಾಗಾದ್ರೆ ಸತ್ತಿರೋದು ಖಾತ್ರಿ.’

ಅಲ್ಲಿಯವರೆಗೆ ಬರಲೋ ಬೇಡವೋ ಎಂದಿದ್ದವರೂ ಆಗ ಹೂವಿಗೆ ಓಡಿದರು.

ಇತ್ತ ಪುರಸಭೆಯ ಹಿಂಬಾಗಿಲಿನಿಂದ ಹೊರಬಂದ ಪಾಂತೇಲಿಯನ್ನು, ಧ್ವನಿವರ್ಧಕ ಕೇಳಿ ಓಡಿಬಂದಿದ್ದ ರಾಯ್ನಾ ತೋಳು ಹಿಡಿದು ಸಂದಿಯಲ್ಲೇ ಎಳೆದುಕೊಂಡು ಹೋಗಿ, ಓದುಮನೆಯ ವೇದಿಕೆಯ ಹಿಂದಿನ ಉಡುಪಿನ ಕೋಣೆಗೆ ನೂಕಿ ಚಿಲಕ ಹಾಕಿದಳು. ಅಲ್ಲಿ ಸೆವ್ದಾ ಕಾಯುತ್ತಿದ್ದಳು.

‘ಪಾಪಿ! ಮೂರು ದಿನದಿಂದ ನಾನು ವಿಧವೆ!’

‘ನಾನು ಹೊರಗೆ ಹೋಗಿ ಎಲ್ಲರಿಗೂ ಮುಖ ತೋರಿಸಿ ಬರ್ತೀನಿ, ಸೆವ್ದಾ...’

‘ತೋರಿಸಿದ್ರೆ ಮುಗೀತು’ ಎಂದಳು ರಾಯ್ನಾ. ‘ಇವತ್ತು ನೀವು ಬೀದಿಗೆ ಹೋದ್ರೆ ನಾಳೆ ಹನ್ನೊಂದು ಜನ. ಹೋಗದಿದ್ರೆ ಇಡೀ ಊರು. ಸೋಮವಾರ ಈ ಪುಸ್ತಕನೆಲ್ಲ ಲಾರಿಗೆ ತುಂಬ್ತಾರೆ ಅಧ್ಯಕ್ಷರೇ. ನಾಳೆ ಎರಡು ಗಂಟೆವರೆಗೆ ಸತ್ತಿರಿ. ಸಂತಾಪದ ಪುಸ್ತಕ ಇಡ್ತೀನಿ, ಎಲ್ರೂ ಸಹಿ ಹಾಕ್ತಾರೆ. ಆಮೇಲೆ ಮೇಲ್ಗಡೆ “ಹಾಜರಾತಿ” ಅಂತ ಬರೆದ್ರೆ ಆಯ್ತು.’

ಪಾಂತೇಲಿ ನಮ್ಮ ಹಳೆಯ ನಾಟಕಗಳ ಕಿರೀಟ, ಗಡ್ಡಗಳ ನಡುವೆ ಪೆಟ್ಟಿಗೆಯೊಂದರ ಮೇಲೆ ಕೂತ. ‘ಸತ್ತಿರ್ತೀನಿ’ ಎಂದ. ‘ಆದ್ರೆ ಸಂತಾಪದ ಪುಸ್ತಕ ಬೇಡ. ಸತ್ತವರ ಹೆಸರಲ್ಲಿ ಸಹಿ ಹಾಕಿಸ್ಕೊಳ್ಳೋದು ಪುರಸಭೆ ಕೆಲಸ, ನಮ್ದಲ್ಲ. ಎರಡು ಗಂಟೆಗೆ ನಾನೇ ಹೊರಗೆ ಬಂದು ನಿಂತ್ಕೋತೀನಿ.’

‘ಜನ ಎದ್ದು ಹೋಗಿಬಿಟ್ರೆ?’ ಎಂದಳು ರಾಯ್ನಾ.

‘ಹೋದ್ರೆ ಹೋದ್ರು. ಕರೆದದ್ದು ನಾನು. ತಪ್ಪಾಗಿ ಕರೆದೆ. ಮುಖ ತೋರಿಸಿಯೇ ಹೇಳ್ಬೇಕು.’

ಶನಿವಾರ ಒಂದೂಮುಕ್ಕಾಲಿಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸದಸ್ಯರು, ಸದಸ್ಯರ ನೆಂಟರು, ಆಚೆ ಹಳ್ಳಿಯವರು, ಪಾಂತೇಲಿ ಬರೆದ ವೇಳಾಪಟ್ಟಿ ನೋಡಿ ಬಸ್ಸು ಹತ್ತಿದ್ದವರೆಲ್ಲ ಬಂದಿದ್ದರು. ಗೋಡೆಯುದ್ದಕ್ಕೂ ಹೂವು. ಮೊದಲ ಸಾಲಿನಲ್ಲಿ ತಿಹೋಲೊವ್, ಬೆವರುತ್ತಾ. ಎಲ್ಲರ ಕಿವಿಯಲ್ಲೂ ‘ಬದುಕಿದಾನೆ, ಹೊರಡಿ’ ಎನ್ನುತ್ತಿದ್ದ. ಯಾರೂ ಅವನ ಕಡೆ ತಿರುಗಲಿಲ್ಲ.

ಊರಿನ ಗಣ್ಯರು ಸತ್ತರೆ ಶವಪೆಟ್ಟಿಗೆಯನ್ನು ಆ ವೇದಿಕೆಯ ಮೇಲೆ ಇಡುವುದು ವಾಡಿಕೆ. ವೇದಿಕೆ ಖಾಲಿ.

‘ಪೆಟ್ಟಿಗೆ ಎಲ್ಲಿ?’ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

‘ಸರಳತೆ ಹಿಡಿದಿತ್ತಲ್ಲ ಅವನಿಗೆ’ ಎಂದ ಮಿಂಚೊ. ‘ಅದೂ ಬೇಡ ಅಂದಿರಬೇಕು.’

ಎರಡು ಹೊಡೆಯಿತು. ಪರದೆ ಅಲ್ಲಾಡಿತು. ಪಾಂತೇಲಿ ಬಂದು ವೇದಿಕೆಯ ನಡುವೆ ನಿಂತ. ಬಿಳಿ ಅಂಗಿ, ಕಪ್ಪು ಕೋಟು. ಅವನೇ ಬರೆದ ಪುಟದ ಹಾಗೆ.

ಒಬ್ಬಳು ಕಿರುಚಿದಳು. ಎರಡು ಬಟ್ಟಲು ಗೋಧಿ ನೆಲಕ್ಕೆ ಬಿತ್ತು. ಪಾಂತೇಲಿ ಒಂದು ಹೆಜ್ಜೆ ಮುಂದೆ ಬಂದ.

‘ನೆರೆಯವರೇ’ ಎಂದ. ‘ನಾನು ಸತ್ತಿಲ್ಲ. ಸಾಯ್ತಿರೋದು ಈ ಮನೆ. ಅದನ್ನ ಬರೆಯೋಕೆ ಹೋದೆ. ಜಾಸ್ತಿ ಅಳಿಸಿಬಿಟ್ಟೆ.’

ಸಭಾಂಗಣ ಸಿಡಿಯಿತು. ಅವನು ಬದುಕಿದ್ದಾನೆಂದು ಯಾರಾದರೂ ಸಂತೋಷಪಟ್ಟಾರೆಂದು ನೀವು ಎಣಿಸಿದ್ದರೆ ನಿಮಗೆ ನಮ್ಮ ಊರು ಗೊತ್ತಿಲ್ಲ.

‘ಅಂಗಡಿ ಮುಚ್ಚಿ ಬಂದಿದೀನಿ ಕಣೋ!’ ಎಂದು ಮಿಂಚೊ ಗರ್ಜಿಸಿದ. ‘ಶನಿವಾರ! ಅಂಗಡಿ ಮುಚ್ಚಿ!’

‘ನಾನು ಎರಡು ದಿನ ಅತ್ತೆ!’

‘ನಾಲ್ಕು ಕಿಲೋ ಗೋಧಿ!’

‘ನಾಚಿಕೆ ಇದ್ದಿದ್ರೆ ಸಾಯ್ತಿದ್ದ!’

ತಿಹೋಲೊವ್ ಕುರ್ಚಿಯ ಮೇಲೆ ಹತ್ತಿದ. ಹಿಂದಿನ ದಿನದಿಂದ ಮೊದಲ ಸಲ ನಗುತ್ತಿದ್ದ. ‘ನಾಗರಿಕರೇ, ನಾನು ಹೇಳಿರಲಿಲ್ವಾ? ನಿಮಗೆ ಮೋಸ ಆಗಿದೆ. ಶಾಂತವಾಗಿ ಮನೆಗೆ ಹೋಗಿ. ಬಾಗಿಲು ಆ ಕಡೆ.’

ಜನ ಏಳತೊಡಗಿದರು. ಮುಂದಿನ ಸಾಲು ತಿರುಗಿತು. ಬಾಗಿಲಿನ ಬಳಿ ಹತ್ತು ಮಂದಿ ಆಗಲೇ ಹೊಸ್ತಿಲು ದಾಟುವುದರಲ್ಲಿದ್ದರು. ರಾಯ್ನಾ ಮೇಜಿನ ಹಿಂದೆ ಪೆನ್ನು ಹಿಡಿದು ಬಿಳಿಚಿಕೊಂಡು ನಿಂತಿದ್ದಳು. ಪಾಂತೇಲಿ ಕೈ ಜೋತು ಬಿಟ್ಟು ನೋಡುತ್ತಿದ್ದ. ಒಬ್ಬೊಬ್ಬರು ಹೊರಟಂತೆಲ್ಲ ಅವನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ.

‘ನಿಲ್ರೀ!’ ಎಂದ ಮಿಂಚೊ, ಬಾಗಿಲಿಗೆ ಅಡ್ಡ ನಿಂತು. ‘ಸುಮ್ನೆ ಹೋದ್ರೆ ಹೇಗೆ? ಇಂಥ ಅಧ್ಯಕ್ಷ ನಮಗೆ ಬೇಕಾ? ಇವನನ್ನ ಕಿತ್ತು ಎಸೆದೇ ಹೋಗೋಣ!’

‘ಕಿತ್ತಾಕಿ! ಕಿತ್ತಾಕಿ!’

ಜನ ಹಿಂದಿರುಗಿದರು.

ಪಾಂತೇಲಿ ತಲೆಯೆತ್ತಿದ. ಅವನ ಮುಖದಲ್ಲಿ ಏನೋ ಸರಿದಾಡಿತು. ‘ಕೀಳಬಹುದು’ ಎಂದ, ಬಹಳ ನಿಧಾನ. ‘ಆದ್ರೆ ಅದಕ್ಕೆ ಸಭೆ ಶುರು ಮಾಡ್ಬೇಕಾಗುತ್ತೆ. ನಿಯಮ.’

‘ಮಾಡು ಶುರು!’

‘ಬೇಡ!’ ಎಂದು ತಿಹೋಲೊವ್ ಕೂಗಿದ. ಅವನಿಗೆ ಅರ್ಥವಾಗಿತ್ತು. ‘ಮತ ಹಾಕ್ಬೇಡಿ! ಏನೂ ಅಗತ್ಯ ಇಲ್ಲ! ಇವರನ್ನ ಪುರಸಭೆನೇ ತೆಗೆದುಹಾಕುತ್ತೆ!’

ಮಿಂಚೊ ಅವನ ಕಡೆ ತಿರುಗಿದ. ‘ನಮ್ಮ ಅಧ್ಯಕ್ಷನ್ನ ತೆಗೆಯೋಕೆ ನೀವ್ಯಾರ್ರೀ?’

‘ನಾನು ನಿಮ್ಮ ಒಳ್ಳೇದಕ್ಕೆ...’

‘ನಮ್ಮ ಕತ್ತೆ. ನಾವು ಓಡಿಸ್ಕೋತೀವಿ. ಶುರು ಮಾಡಮ್ಮ ರಾಯ್ನಾ!’

ತಿಹೋಲೊವ್ ಕುರ್ಚಿಯಿಂದ ಇಳಿದು ವೇದಿಕೆಗೆ ಓಡಿದ. ರಾಯ್ನಾಳ ಮೇಜಿನ ಮೇಲಿದ್ದ ಮೊಹರಿನ ಪಟ್ಟಿ ಕಿತ್ತುಕೊಂಡ. ‘ಸರಿ. ಹಾಗಾದ್ರೆ ನಿಯಮದ ಪ್ರಕಾರ. ಸದಸ್ಯರು ಮಾತ್ರ. ಒಂದೊಂದು ಹೆಸರೂ ನಾನೇ ನೋಡ್ತೀನಿ.’

‘ಅಧ್ಯಕ್ಷ ಪಾಂತೇಲಿ ದ್ರಂಗೊವ್‌ನನ್ನು ತೆಗೆದುಹಾಕಬೇಕು ಅನ್ನೋರು’ ಎಂದು ರಾಯ್ನಾ ಓದಿದಳು, ‘ಕೈ ಎತ್ತಿ.’

ಕಾಡಿನಂತೆ ಕೈಗಳೆದ್ದವು. ತಿಹೋಲೊವ್ ಪಟ್ಟಿ ಹಿಡಿದು ಸಾಲು ಸಾಲಾಗಿ ಬಂದ. ‘ನೀವು ಆಚೆ ಹಳ್ಳಿ, ಇಳಿಸಿ. ನೀವು ನೆಂಟರು, ಇಳಿಸಿ. ನೀವು ಯಾರು? ಬಸ್ ಚಾಲಕ. ಇಳಿಸಿ.’ ಕೈಗಳು ಉದುರಿದವು. ಉಳಿದದ್ದನ್ನು ರಾಯ್ನಾ ಜೋರಾಗಿ ಎಣಿಸುತ್ತಾ ಹೋದಳು. ನಲವತ್ತು. ಐವತ್ತೆರಡು. ಅರವತ್ತೊಂದು. ನನ್ನದು ಅರವತ್ತೆಂಟನೆಯದು. ಮಿಂಚೊನದು ಎಪ್ಪತ್ತು. ಅವಳ ದನಿ ಸಣ್ಣಗಾಗುತ್ತಿತ್ತು. ಎಪ್ಪತ್ತೊಂದು. ಎಪ್ಪತ್ತೆರಡು.

‘ಎಪ್ಪತ್ತಮೂರು ನಾನೇ’ ಎಂದು ಎಡಗೈ ಎತ್ತಿದಳು ರಾಯ್ನಾ.

ಗೋಡೆಯ ಪಕ್ಕ ಕೂನಾ ಅಜ್ಜಿ ಕೋಲು ಮೇಲೆತ್ತಿದಳು. ‘ಭುಜ ಏಳಲ್ಲ. ಇದನ್ನ ಲೆಕ್ಕಕ್ಕೆ ತಗೊಳ್ರಿ. ನನ್ನ ಕುರ್ಚಿ ತೆಗೆದವನು ಇವನು.’ ತಿಹೋಲೊವ್ ಪಟ್ಟಿ ನೋಡಿದ, ಹಲ್ಲು ಕಡಿದ. ಎಪ್ಪತ್ತನಾಲ್ಕು.

ಸೆವ್ದಾ ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ‘ಮೂರು ದಿನ ವಿಧವೆ’ ಎಂದು ಹೇಳಿ ಕೈ ಎತ್ತಿದಳು. ಎಪ್ಪತ್ತೈದು.

ಆಮೇಲೆ ಯಾರೂ ಇರಲಿಲ್ಲ. ರಾಯ್ನಾ ಸಭಾಂಗಣವನ್ನು ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು. ತಿಹೋಲೊವ್ ಪಟ್ಟಿಯನ್ನು ಮಡಚತೊಡಗಿದ. ‘ಎಪ್ಪತ್ತೈದು’ ಎಂದ, ಮೃದುವಾಗಿ. ‘ಒಂದು ಸಾಲದು. ಪಾಪ. ಸಭೆ ನಡೆದೇ ಇಲ್ಲ.’ ನಮಗೆ ಆಗ ಅರ್ಥವಾಯಿತು, ನಾವು ಯಾವುದಕ್ಕೆ ಕೈ ಎತ್ತಿದ್ದೇವೆ ಎಂದು. ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ.

ವೇದಿಕೆಯ ಮೇಲಿನಿಂದ ಪಾಂತೇಲಿ ಕೆಮ್ಮಿದ.

‘ಪಟ್ಟಿ ಇನ್ನೊಂದ್ಸಲ ನೋಡಿ ಸಾಹೇಬ್ರೇ’ ಎಂದ. ‘ದ ಅಕ್ಷರದಲ್ಲಿ. ದ್ರಂಗೊವ್. ಆ ಮನುಷ್ಯ ಅಧ್ಯಕ್ಷ ಆಗೋಕೆ ಲಾಯಕ್ಕಿಲ್ಲ ಅಂತ ನನಗೂ ಅನ್ನಿಸುತ್ತೆ.’

ಅವನು ತನ್ನ ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದ.